ಓದುಗರ ಪ್ರಶ್ನೆ: ಮುಚ್ಚಿದ ಗಣಿಯ ಊರಿನಲ್ಲಿ ಅಗೆಯುವುದಕ್ಕೆ ಏನಿದೆ?

ಪ್ರಶ್ನೆ: ನನ್ನ ಮಗಳು ಮಡಿಕೇರಿಯಲ್ಲಿ ಇತಿಹಾಸ ವಿಷಯ ತೆಗೆದುಕೊಂಡು ಪದವಿಯ ಎರಡನೆಯ ವರ್ಷ ಮುಗಿಸಿದ್ದಾಳೆ. ಈ ಬೇಸಿಗೆ ರಜೆಯಲ್ಲಿ ಹಳೆಯ ಚಿನ್ನದ ಗಣಿಯ ಊರೊಂದರಲ್ಲಿ ನಡೆಯುವ ನಾಲ್ಕು ವಾರಗಳ ಪುರಾತತ್ತ್ವ ತರಬೇತಿ ಶಿಬಿರಕ್ಕೆ ಹೋಗಬೇಕೆಂದು ಹಟ ಹಿಡಿದಿದ್ದಾಳೆ. ಪುರಾತತ್ತ್ವವೆಂದರೆ ದೇವಸ್ಥಾನ ಮತ್ತು ಶಾಸನ, ನೂರು ವರ್ಷದ ಗಣಿಯಲ್ಲಿ ಅಗೆಯುವುದಕ್ಕೆ ಏನಿದೆ ಎನ್ನುವುದು ನಮ್ಮ ಮನೆಯವರ ವಾದ. ನಮ್ಮ ಕಾಫಿ ತೋಟದ ಅಂಚಿನಲ್ಲೇ ಪಾಂಡವರ ಕಲ್ಲಿನ ಮನೆ ಇರುವಾಗ ಅದನ್ನೇ ಅಗೆದು ಕಲಿಯಲಿ ಎಂದೂ ಹೇಳುತ್ತಾರೆ. ನನಗೆ ಬಿಸಿಲಿನದೂ ಗಣಿಯ ಗುಂಡಿಗಳದೂ ಅಂಜಿಕೆ. ತಮ್ಮ ಸಲಹೆ ಏನು?
– ತಾಯಿಯೊಬ್ಬರು, ಪೊನ್ನಂಪೇಟೆ

ಉತ್ತರ: ತೋಟದ ಕಲ್ಲಿನ ಮನೆಯ ಮಾತನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಈ ಸಂಚಿಕೆ ಕೈಸೇರುವ ಮೊದಲೇ ಯಾರಾದರೂ ಪಿಕಾಸಿ ಎತ್ತಿರಬಹುದೆಂಬ ಆತಂಕ ನನಗಿದೆ. ದಯವಿಟ್ಟು ಅದನ್ನು ಮುಟ್ಟಬೇಡಿ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ, ಸಂರಕ್ಷಿತವಲ್ಲದ ಜಾಗದಲ್ಲಿ ಕೂಡ ಕೇಂದ್ರದ ಒಪ್ಪಿಗೆಯಿಲ್ಲದೆ ರಾಜ್ಯ ಸರ್ಕಾರವೇ ಪುರಾತತ್ತ್ವ ಉತ್ಖನನ ನಡೆಸುವಂತಿಲ್ಲ. ಹೀಗಿರುವಾಗ ಜಮೀನು ನಮ್ಮದು ಎಂಬ ಕಾರಣಕ್ಕೆ ನಾವು ನೀವು ಅಗೆಯುವ ಪ್ರಶ್ನೆಯೇ ಬರುವುದಿಲ್ಲ. ಕಾನೂನನ್ನು ಬದಿಗಿಟ್ಟರೂ ಕಾರಣವಿದೆ. ಪಾಂಡವರ ಮನೆಯೆಂದು ಜನ ಕರೆಯುವ ಇವು ನಿಜಕ್ಕೂ ಕಲ್ಲಿನಲ್ಲಿ ಕಟ್ಟಿದ ಪುರಾತನ ಸಮಾಧಿಗಳು. ಕೊಡಗಿನ ಇಂತಹ ಶಿಲಾ ಗೋರಿಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿಗಳು ತೆರೆಸಿ ನೋಡಿದ್ದರು. ಮಣ್ಣಿನ ಪದರಗಳನ್ನು ಒಂದೊಂದಾಗಿ ಬಿಡಿಸಿ, ಯಾವ ವಸ್ತು ಯಾವ ಪದರದಲ್ಲಿತ್ತು ಎಂದು ಬರೆದಿಡುವ ಕ್ರಮ ಆಗಿನ್ನೂ ಇಲ್ಲಿ ಬೇರೂರಿರಲಿಲ್ಲವಾದ್ದರಿಂದ, ಮಡಕೆಗಳು ಹೊರಬಂದರೂ ಅವು ಹೇಳಬಹುದಾಗಿದ್ದ ಕಥೆಯ ಬಹುಭಾಗ ಮಣ್ಣಿನೊಂದಿಗೇ ಚೆದುರಿಹೋಯಿತು. ಒಮ್ಮೆ ಅಗೆದ ಪದರವನ್ನು ಮತ್ತೆ ಜೋಡಿಸಲಾಗದು. ಓದುವಾಗಲೇ ಪುಟವನ್ನು ಹರಿದು ಹಾಕಬೇಕಾದ ಪುಸ್ತಕವದು.

ಕ್ಷೇತ್ರ ತರಬೇತಿಯ ಅಗತ್ಯ ಇರುವುದು ಇಲ್ಲಿಯೇ. ಭಾರತೀಯ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವೀಲರ್ ಅವರು 1944ರಲ್ಲಿ ತಕ್ಷಶಿಲೆಯಲ್ಲಿ ಭಾರತದ ವಿದ್ಯಾರ್ಥಿಗಳಿಗಾಗಿ ಉತ್ಖನನದ ಶಾಲೆಯನ್ನು ನಡೆಸಿದರು. 1947ರಲ್ಲಿ ಅದೇ ಶಿಸ್ತಿನಿಂದ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ಅಗೆದರು. ನಿಮ್ಮ ಮಗಳು ಶಿಬಿರದಲ್ಲಿ ಮಾಡುವ ಕೆಲಸ ಬಹುಮಟ್ಟಿಗೆ ಇದೇ ಪರಂಪರೆಯದು. ನೂಲು ಕಟ್ಟಿ ಗುರುತಿಸಿದ ಚೌಕದೊಳಗೆ ಕೂತು ಗಾರೆಯವರ ಕರಣೆಯಿಂದ ಬೆರಳಿನಷ್ಟು ಬೆರಳಿನಷ್ಟೇ ಮಣ್ಣು ಕೆರೆಯುವುದು, ಕೆರೆದ ಮಣ್ಣನ್ನು ಬಾಂಡ್ಲಿಯಲ್ಲಿ ಹೊತ್ತು ಜರಡಿ ಹಿಡಿಯುವುದು, ಬಣ್ಣ ಬದಲಾದಲ್ಲಿ ನಿಂತು ಹೊಸ ಪದರಕ್ಕೆ ಸಂಖ್ಯೆ ಕೊಡುವುದು, ಗುಂಡಿಯ ಗೋಡೆಯನ್ನು ನೆಟ್ಟಗೆ ಕಡಿದು ಗ್ರಾಫ್ ಕಾಗದದ ಮೇಲೆ ಅದರ ಚಿತ್ರ ತೆಗೆಯುವುದು, ಸಂಜೆ ಕೂತು ಚೂರುಗಳನ್ನು ತೊಳೆದು ಚೀಟಿ ಕಟ್ಟುವುದು. ಮೊದಲ ವಾರದಲ್ಲಿ ಅವಳು ಬೇಸತ್ತು ಫೋನ್ ಮಾಡಿದರೆ ಗಾಬರಿಯಾಗಬೇಡಿ, ಅದು ಸಹಜ.

ಇನ್ನು ನಿಮ್ಮ ಮನೆಯವರ ಪ್ರಶ್ನೆ. ಗಣಿ ನೂರು ವರ್ಷದ್ದೆಂಬ ಮಾತು ಕರ್ನಾಟಕದ ಮಟ್ಟಿಗೆ ಅರ್ಧ ಸತ್ಯ ಮಾತ್ರ. ಕೋಲಾರದಲ್ಲಿ ಜಾನ್ ಟೇಲರ್ ಕಂಪನಿ ಬಂದದ್ದು 1880ರಲ್ಲಿ, 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಹರಿಯಿತು, ಮೂರು ಕಿಲೋಮೀಟರಿಗೂ ಮಿಕ್ಕಿ ಆಳಕ್ಕೆ ಇಳಿದ ಆ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಆದರೆ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇಂದಿನ ಗಣಿಗಾರರು ಕೆಳಗಿಳಿದಾಗ, ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಬಂಡೆಯನ್ನು ಬೆಂಕಿಯಿಂದ ಕಾಯಿಸಿ ಒಡೆಯುತ್ತ ಆಳಕ್ಕೆ ಹೋದವರ ಕುರುಹುಗಳು ಅವರಿಗೆ ಎದುರಾದವು. ಅದಿರನ್ನು ಅರೆದು ಅರೆದು ಬಂಡೆಗಳ ಮೇಲೆ ಬಿದ್ದ ಒರಳಿನಂತಹ ಕುಳಿಗಳನ್ನು ಆ ಸೀಮೆಯಲ್ಲಿ ಈಗಲೂ ನೋಡಬಹುದು. ಶಾಸನವೇ ಬೇಕೆನ್ನುವವರಿಗೆ ಇನ್ನೊಂದು ಮಾತು: ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ಅಶೋಕನ ಹೆಸರನ್ನೂ ಹೇಳಿ, ಆ ಬಿರುದಿನ ರಾಜ ಯಾರೆಂಬ ಇತಿಹಾಸಕಾರರ ಸಂದೇಹ ನೀಗಿದ, ಅದೇ ಜಿಲ್ಲೆಯ ಮಸ್ಕಿಯ ಶಾಸನವನ್ನು 1915ರಲ್ಲಿ ಕಂಡುಹಿಡಿದವರು ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು.

ಗಣಿ ನಿಜಕ್ಕೂ ಇತ್ತೀಚಿನದೇ ಆಗಿದ್ದರೂ ಅಗೆತ ವ್ಯರ್ಥವಲ್ಲ. ಅಮೆರಿಕದ ನೆವಾಡಾ ರಾಜ್ಯದ ವರ್ಜೀನಿಯಾ ಸಿಟಿ 1859ರ ಬೆಳ್ಳಿಯ ಅದಿರಿನಿಂದ ಎದ್ದು ನಿಂತ ಊರು. ಅಲ್ಲಿ ಕಪ್ಪು ಜನಾಂಗದ ವಿಲಿಯಂ ಬ್ರೌನ್ ಎಂಬಾತ 1860 ಮತ್ತು 70ರ ದಶಕಗಳಲ್ಲಿ ನಡೆಸುತ್ತಿದ್ದ ಬೋಸ್ಟನ್ ಸಲೂನ್ ಎಂಬ ಮದ್ಯದಂಗಡಿಯ ಜಾಗವನ್ನು 2000ದಲ್ಲಿ ಅಗೆದಾಗ ಒಳ್ಳೆಯ ಗಾಜಿನ ಲೋಟಗಳ ಚೂರು, ಉತ್ತಮ ದರ್ಜೆಯ ಮಾಂಸದ ಮೂಳೆಗಳು ಸಿಕ್ಕವು. ಅಲ್ಲಿನ ಮಣ್ಣಿನ ಚಿಲುಮೆಯೊಂದರ ಕೊಳವೆಯಲ್ಲಿ ಉಳಿದಿದ್ದ ಡಿಎನ್‌ಎ ಹೆಂಗಸೊಬ್ಬಳದೆಂದು ತಿಳಿಯಿತು. ಕಪ್ಪು ಜನರ ಅಂಗಡಿಯೆಂದರೆ ಕೊಳಕು ಗುಡಿಸಲು, ಸೇದುವವರು ಗಂಡಸರು ಮಾತ್ರ ಎಂಬ ಎರಡೂ ಊಹೆಗಳು ಅಲ್ಲಿ ಬಿದ್ದುಹೋದವು. ಕಂಪನಿಯ ಲೆಕ್ಕದ ಪುಸ್ತಕ ಎಷ್ಟು ಔನ್ಸ್ ಲೋಹ ಬಂತೆಂದು ಹೇಳುತ್ತದೆಯೇ ಹೊರತು, ತೆಗೆದವನು ರಾತ್ರಿ ಏನು ಉಂಡ ಎಂಬುದನ್ನು ಹೇಳುವುದಿಲ್ಲ. ಅದನ್ನು ಹೇಳುವುದು ಅವನ ಹಿತ್ತಿಲ ತಿಪ್ಪೆ. ಕೋಲಾರದ ಗಣಿಯ ಕೂಲಿ ಲೈನುಗಳನ್ನೂ ನಿಮ್ಮ ಸುತ್ತಲಿನ ತೋಟಗಳ ಲೈನ್ ಮನೆಗಳನ್ನೂ ಒಟ್ಟಿಗೆ ನೆನೆಯಿರಿ. ಊರು ಬಿಟ್ಟು ಬಂದ ದುಡಿಮೆಗಾರರನ್ನು ಒಂದೇ ಸೂರಿನಡಿ ಸಾಲಾಗಿ ಇರಿಸಿದ ವ್ಯವಸ್ಥೆ ಎರಡೂ ಕಡೆಯದು. ಕೊಡಗಿನ ಇತಿಹಾಸವೆಂದಾಗ ನಾವು ಕೋಟೆಯನ್ನೂ ಕಡಂಗವೆಂಬ ಹಳೆಯ ರಕ್ಷಣಾ ಕಂದಕವನ್ನೂ ತೋರಿಸುತ್ತೇವೆ, ಲೈನ್ ಮನೆಯನ್ನು ತೋರಿಸುವವರನ್ನು ನಾನಂತೂ ಕಂಡಿಲ್ಲ. ಗಣಿಯ ಊರಿನಲ್ಲಿ ಪಳಗಿದ ಕಣ್ಣಿಗೆ ಅದು ಕಂಡೀತು. ನಾನು ಶಿಬಿರದ ಪರವಾಗಿರುವುದಕ್ಕೆ ಮುಖ್ಯ ಕಾರಣ ಅದು.

ನಿಮ್ಮ ಅಂಜಿಕೆ ಮಾತ್ರ ತಳ್ಳಿಹಾಕುವಂಥದ್ದಲ್ಲ. ಹೂಮಳೆಯ ತಂಪಿನಲ್ಲಿ ಬೆಳೆದವರಿಗೆ ಬಯಲುಸೀಮೆಯ ಏಪ್ರಿಲ್ ಕಠಿಣ, ಆದ್ದರಿಂದ ಬೆಳಗಿನ ಜಾವಕ್ಕೇ ಕೆಲಸ ಆರಂಭಿಸಿ ನಡುಹಗಲು ನೆರಳಿನಲ್ಲಿ ಕೂರಿಸುವ ಶಿಬಿರವೇ ಎಂದು ಕೇಳಿ. ಅದಕ್ಕಿಂತ ಮುಖ್ಯವಾಗಿ, ಹಳೆಯ ಗಣಿಬಾವಿಗಳಿಗೆ ಬೇಲಿ ಇದೆಯೇ, ವಿದ್ಯಾರ್ಥಿಗಳನ್ನು ಸುರಂಗಕ್ಕೆ ಇಳಿಸುವುದಿಲ್ಲ ತಾನೆ, ಅದಿರಿನ ತ್ಯಾಜ್ಯ ಸುರಿದ ಸೈನೈಡ್ ದಿಬ್ಬಗಳಿಂದ ಅಗೆಯುವ ಜಾಗ ದೂರವಿದೆಯೇ ಎಂಬುದನ್ನು ವಿಚಾರಿಸಿ. ಗಾಳಿ ಬೀಸಿದಾಗ ಆ ದಿಬ್ಬಗಳ ನುಣುಪು ಧೂಳು ಎಲ್ಲೆಲ್ಲೂ ಹಾರುತ್ತದೆ. ಉತ್ಖನನದ ಪರವಾನಗಿಯ ಪ್ರತಿಯನ್ನು ತೋರಿಸಲು ಹಿಂಜರಿಯುವ ಶಿಬಿರವಾದರೆ ಮಗಳನ್ನು ಕಳುಹಿಸಬೇಡಿ. ಉಳಿದದ್ದೆಲ್ಲ ಸರಿಯಿದ್ದರೆ ಅಗಲ ಅಂಚಿನ ಟೋಪಿ, ಗಟ್ಟಿ ಬೂಟು, ಒಂದು ದಪ್ಪ ನೋಟುಪುಸ್ತಕ ಕೊಟ್ಟು ಕಳುಹಿಸಿ.

ಪ್ರಶ್ನೆ: ಕಾಫಿ ಗಿಡಕ್ಕೆ ಗುಂಡಿ ತೋಡುವಾಗ ಕಪ್ಪು ಕೆಂಪು ಬಣ್ಣದ ಮಡಕೆಯ ಚೂರುಗಳು ಸಿಕ್ಕಿವೆ. ಏನು ಮಾಡಲಿ?
– ಬೆಳೆಗಾರರು, ಸೋಮವಾರಪೇಟೆ

ಉತ್ತರ: ಆ ಗುಂಡಿಯ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಗಿಡವನ್ನು ಬೇರೆಡೆ ನೆಡಿ. ದಕ್ಷಿಣ ಭಾರತದ ಶಿಲಾ ಗೋರಿಗಳಲ್ಲಿ ಒಳಗೆ ಕಪ್ಪು, ಹೊರಗೆ ಕೆಂಪು ಇರುವ ಮಡಕೆಗಳು ಸಾಮಾನ್ಯವಾದ್ದರಿಂದ ಇದನ್ನು ಹಗುರವಾಗಿ ಎಣಿಸುವಂತಿಲ್ಲ. ಚೂರುಗಳನ್ನು ತೊಳೆಯಬೇಡಿ, ಅಂಟಿಸಬೇಡಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆದು, ನೆಲದಿಂದ ಎಷ್ಟು ಅಡಿ ಆಳದಲ್ಲಿ ಸಿಕ್ಕವೆಂದು ಬರೆದುಕೊಂಡು, ಮಡಿಕೇರಿ ಕೋಟೆಯೊಳಗಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ತಿಳಿಸಿ. ಅವರು ಬರುವವರೆಗೆ ಗುಂಡಿಯ ಮೇಲೆ ಒಂದು ಟಾರ್ಪಾಲು ಹೊದಿಸಿದರೆ ಮಳೆಗೆ ಗೋಡೆ ಕುಸಿಯುವುದಿಲ್ಲ.