ಜ್ವರಕ್ಕೆ ಕೂತ ಹುಳು, ಮೇಲೇಳದ ರೇಟಿಂಗ್

ಪ್ರಶ್ನೆ: ನಾನು ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲಿಂಗ್ ಮಾಡುವವನು, ವಯಸ್ಸು 41. ಎರಡು ವರ್ಷದಿಂದ ರಾತ್ರಿ ಫೋನಿನಲ್ಲಿ ಮೂರು ನಿಮಿಷದ ಚೆಸ್ ಆಡುತ್ತಿದ್ದೇನೆ. 4,000 ಆಟ ಆದವು, ರೇಟಿಂಗ್ ಮಾತ್ರ 900 ಬಿಟ್ಟು ಮೇಲೇಳದು. ಏಳನೇ ಕ್ಲಾಸಿನ ಅಣ್ಣನ ಮಗ ಆರೇ ತಿಂಗಳಲ್ಲಿ ನನ್ನನ್ನು ಸೋಲಿಸುತ್ತಾನೆ. ಚದುರಂಗಕ್ಕೆ ಹುಟ್ಟುಬುದ್ಧಿಯೇ ಬೇಕು, ಕಷ್ಟಪಟ್ಟರೆ ಬರುವುದಲ್ಲ ಅನ್ನುತ್ತಾರೆ. ನಿಜವೇ? ಜೊತೆಗೊಂದು ಸಂಶಯ: ಬಿಳಿ ರಾಜ ಇ5, ಬಿಳಿ ಸಿಪಾಯಿ ಇ4, ಕರಿ ರಾಜ ಇ7. ಬಿಳಿ ಗೆಲ್ಲುತ್ತದೆಯೇ? ದಯವಿಟ್ಟು ಹೆಸರು ಹಾಕಬೇಡಿ.

ಉತ್ತರ: ಹಾಕಿಲ್ಲ. ಆದರೆ ಹುಡುಗನ ಕೈಲಿ ಸೋತದ್ದಕ್ಕೆ ಇಷ್ಟು ನಾಚಿಕೆ ಏಕೆ? ನಮ್ಮ ಪ್ರೆಸ್ಸಿನ ಹುಡುಗ ನನ್ನನ್ನು ವಾರಕ್ಕೆರಡು ಸಲ ಮಣ್ಣುಮುಕ್ಕಿಸುತ್ತಾನೆ, ಮಾರನೇ ದಿನ ಪ್ರೂಫ್ ತಂದುಕೊಡುವಾಗ ನಗುತ್ತಾನೆ ಕೂಡ.

ಹುಟ್ಟುಬುದ್ಧಿಗೆ ಸಲ್ಲಬೇಕಾದ ಮರ್ಯಾದೆ ಮೊದಲು ಸಲ್ಲಿಸಿಬಿಡುತ್ತೇನೆ. ಅರ್ಜೆಂಟೀನಾದ ಆಟಗಾರರ ಅಭ್ಯಾಸದ ಲೆಕ್ಕವನ್ನು ಇಬ್ಬರು ಸಂಶೋಧಕರು 2007ರಲ್ಲಿ ಪ್ರಕಟಿಸಿದರು. ಮಾಸ್ಟರ್ ಮಟ್ಟ ಮುಟ್ಟಲು ಒಬ್ಬನಿಗೆ ಸುಮಾರು 3,000 ಗಂಟೆ ಸಾಕಾಗಿತ್ತು, ಇನ್ನೊಬ್ಬನಿಗೆ 23,000 ದಾಟಿತ್ತು. ಸರಿ, ದೇವರು ಎಲ್ಲರಿಗೂ ಒಂದೇ ಸೇರಿನಲ್ಲಿ ಅಳೆದು ಕೊಟ್ಟಿಲ್ಲ. ಆದರೆ ಆ 3,000 ಗಂಟೆಯವನೂ ದಿನಕ್ಕೆ ಎರಡು ಗಂಟೆಯಂತೆ ಕೂತರೆ ನಾಲ್ಕು ವರ್ಷ ಆಗುತ್ತದೆ ಸ್ವಾಮಿ! ನೀವು ಕೂತದ್ದೆಷ್ಟು? 4,000 ಆಟ, ಇಬ್ಬರಿಗೂ ಮೂರು ಮೂರು ನಿಮಿಷ. ಎರಡೂ ಗಡಿಯಾರ ಪೂರ್ತಿ ಓಡಿದರೂ 400 ಗಂಟೆ. ಅದರಲ್ಲಿ ಅರ್ಧ ಎದುರಾಳಿಯದು.

ಸೋತ ಮೇಲೆ ಎಷ್ಟು ಆಟ ತಿರುವಿ ನೋಡಿದಿರಿ? ಪತ್ರದಲ್ಲಿ ಆ ಸುದ್ದಿಯೇ ಇಲ್ಲ. ಸೋತ ಸಿಟ್ಟಿಗೆ ತಕ್ಷಣ ಇನ್ನೊಂದು ಒತ್ತಿರುತ್ತೀರಿ. ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ ಅನ್ನುವ ಗಾದೆಯಲ್ಲಿ ನೀವು ಎರಡನೇ ಅರ್ಧದಲ್ಲಿದ್ದೀರಿ. ಒಂದೇ ತಪ್ಪನ್ನು 4,000 ಸಲ ಮಾಡಿದರೆ ತಪ್ಪೇ ಕೈಗೆ ಪಳಗುತ್ತದೆ.

ಈ ಮಾತನ್ನು ಶಿಡ್ಲಘಟ್ಟದವರಿಗೆ ನಾನು ಹೇಳಬೇಕಾಯಿತಲ್ಲ ಎಂಬುದೇ ನನ್ನ ಬೇಸರ. ಬೆಂದ ಗೂಡಿನ ಸಿಕ್ಕು ಬಿಡಿಸಿ ಎಳೆಯ ತುದಿ ಸಿಗುವ ತನಕ ನೀವು ಕಾಯುವುದಿಲ್ಲವೇ? ಸಿಕ್ಕಿದ್ದನ್ನು ಎಳೆದರೆ ಪುಕ್ಕನೆ ಕಿತ್ತುಬರುತ್ತದೆ ಎಂದು ನಿಮ್ಮ ಬೆರಳಿಗೆ ಗೊತ್ತು. ಗೂಡು ಕೊಡುವ ರೈತನನ್ನೇ ಕೇಳಿ. ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಆಗ ಸೊಪ್ಪು ಮುಟ್ಟದು, ತಲೆಯೆತ್ತಿ ಸುಮ್ಮನಿರುತ್ತದೆ. ಹೊಸಬ ಗಾಬರಿಯಾಗಿ ಸೊಪ್ಪು ಹಾಕುತ್ತಾನೆ, ಬಲ್ಲವನು ಬಿಟ್ಟುಬಿಡುತ್ತಾನೆ, ಏಕೆಂದರೆ ಒಳಗೆ ಹೊಸ ಚರ್ಮ ಬರುತ್ತಿದೆ. ನಾಲ್ಕನೇ ಜ್ವರದಿಂದ ಎದ್ದ ಹುಳು ತಿನ್ನುವ ಸೊಪ್ಪು ಅದುವರೆಗೆ ತಿಂದದ್ದರ ಎಷ್ಟೋ ಪಟ್ಟು. ಕಲಿಯುವವನ ರೇಟಿಂಗೂ ಹೀಗೇ ತಿಂಗಳುಗಟ್ಟಲೆ ಜ್ವರಕ್ಕೆ ಕೂರುತ್ತದೆ. ನಿಮ್ಮದು ಜ್ವರವೋ ಉಪವಾಸವೋ ಎಂಬುದು ಬೇರೆ ಮಾತು. ಹುಳು ಮೊದಲು ತಿಂದಿರಬೇಕಲ್ಲ!

ನನಗೆ ಆಟ ಕಲಿಸಿದ್ದು ಚಿಂತಾಮಣಿಯ ಸೋದರಮಾವ. ಒಂದು ಬೇಸಿಗೆ ರಜೆ ಪೂರ್ತಿ ಮಣೆಯ ಮೇಲೆ ಮೂರೇ ಕಾಯಿ ಇಟ್ಟ, ಎರಡು ರಾಜ, ಒಂದು ಸಿಪಾಯಿ. ಆನೆ, ಕುದುರೆ, ಒಂಟೆ ಎಲ್ಲ ಡಬ್ಬಿಯಲ್ಲಿ. ನನಗೋ ಮಂತ್ರಿಯನ್ನು ಹೊಡೆಯುವ ಚಪಲ. ಕೈ ಚಾಚಿದರೆ ತೆಲುಗಿನಲ್ಲಿ ಗದರುತ್ತಿದ್ದ, "ತೊಂದರ ಎಂದುಕುರಾ?" (ಅವಸರ ಯಾಕೋ?) ಕಾಯಿಗಳನ್ನು ಒಂದೇ ಜಾಗದಲ್ಲಿಟ್ಟು ದಿನಾ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಸರದಿ ಯಾರದು? ರಾಜರಿಬ್ಬರು ನಡುವೆ ಒಂದು ಮನೆ ಬಿಟ್ಟು ಎದುರುಬದುರು ನಿಂತಾಗ ಯಾರು ನಡೆಯಬೇಕೋ ಅವನೇ ಜಾಗ ಬಿಡಬೇಕು. ಇಷ್ಟು ತಲೆಗಿಳಿಯಲು ನನಗೆ ಒಂದು ತಿಂಗಳು ಹಿಡಿಯಿತು. ಇವತ್ತಿಗೂ ಪ್ರೆಸ್ಸಿನ ಹುಡುಗನನ್ನು ಅಪರೂಪಕ್ಕೆ ಸೋಲಿಸುವುದು ಅಲ್ಲಿ ಮಾತ್ರ.

ಇದು ಮಕ್ಕಳ ಪಾಠ ಅಂದುಕೊಳ್ಳಬೇಡಿ. 2024ರ ಡಿಸೆಂಬರ್ 12, ಸಿಂಗಪುರ, ವಿಶ್ವ ಚಾಂಪಿಯನ್‌ಷಿಪ್ಪಿನ 14ನೇ ಆಟ. ಗುಕೇಶ್ ಬಳಿ ಒಂದು ಸಿಪಾಯಿ ಹೆಚ್ಚು, ಅಷ್ಟೆ. ಡ್ರಾ ಎಂದು ನೋಡುವವರೆಲ್ಲ ಏಳಲು ಸಿದ್ಧರಾಗಿದ್ದರು, ಹುಡುಗ ಏಳಲಿಲ್ಲ. 55ನೇ ನಡೆಯಲ್ಲಿ ಎದುರಾಳಿ ಡಿಂಗ್ ಲಿರೆನ್ ಆನೆಗೆ ಆನೆ ಕೊಡಲು ಹೋದರು. ಆನೆಗಳು ಹೋದವು ಅಂದರೆ ಒಂಟೆಗಳೂ ಹೋಗಲೇಬೇಕು, ಉಳಿಯುವುದು ರಾಜ ಮತ್ತು ಸಿಪಾಯಿಗಳು, ಅಲ್ಲಿ ಆ ಹೆಚ್ಚಿನ ಒಂದು ಸಿಪಾಯಿಯೇ ಗೆಲುವು. ನಮ್ಮ ಮಾವನ ಬೇಸಿಗೆ ರಜೆ! 18 ವರ್ಷಕ್ಕೆ ಚಾಂಪಿಯನ್ ಆದ ಎಂದು ಎಲ್ಲರೂ ಬರೆದರು. ಅವನ ಗುರು ವಿಷ್ಣು ಪ್ರಸನ್ನ ರೇಟಿಂಗ್ 2500ರ ಹತ್ತಿರ ಬರುವ ತನಕ ಸರಿನಡೆ ಹೇಳಿಕೊಡುವ ಕಂಪ್ಯೂಟರ್ ಇಂಜಿನ್ ಮುಟ್ಟಗೊಡಲಿಲ್ಲ, ಎಲ್ಲವನ್ನೂ ತಲೆಯಲ್ಲೇ ಲೆಕ್ಕ ಹಾಕಿಸಿದರು ಎಂಬುದನ್ನು ಎಷ್ಟು ಜನ ಓದಿದರೋ.

ವಯಸ್ಸಿನ ಮಾತೆತ್ತಿದ್ದೀರಿ. ಆನಂದ್ ದೇಶದ ಮೊದಲ ಗ್ರಾಂಡ್‌ಮಾಸ್ಟರ್ ಆದದ್ದು 1988ರಲ್ಲಿ. ಕರ್ನಾಟಕಕ್ಕೆ ಮೊದಲ ಗ್ರಾಂಡ್‌ಮಾಸ್ಟರ್ ಸಿಕ್ಕಿದ್ದು 2017ರಲ್ಲಿ, ಮೈಸೂರಿನ ತೇಜ್‌ಕುಮಾರ್. ಆಗ ಅವರಿಗೆ ಮೂವತ್ತೈದು ದಾಟಿತ್ತು, ರೈಲ್ವೆ ನೌಕರಿ ಬೇರೆ. ಹನ್ನೆರಡು ವರ್ಷದ ಗ್ರಾಂಡ್‌ಮಾಸ್ಟರುಗಳ ಫೋಟೊ ಹಾಕುವ ನಮ್ಮ ಪತ್ರಿಕೆಗಳಿಗೆ (ನನ್ನದನ್ನೂ ಸೇರಿಸಿ) ಅವರ ಹಾದಿ ಅಷ್ಟು ರುಚಿಸಲಿಲ್ಲ.

ರುಚಿಸುವುದಾದರೂ ಏನು ಈಗ? ಇಲ್ಲಿ ಚಿಕ್ಕಬಳ್ಳಾಪುರದ ಬಸ್‌ಸ್ಟ್ಯಾಂಡಿನಿಂದ ಕಚೇರಿಗೆ ಬರುವಷ್ಟರಲ್ಲಿ ಮೂವತ್ತು ದಿನದಲ್ಲಿ ಇಂಗ್ಲಿಷ್, ಹದಿನೈದು ದಿನದಲ್ಲಿ ಕೀಬೋರ್ಡ್. ನಮ್ಮ ನೆಂಟರ ಮಗುವನ್ನು ಒಂದು ಚೆಸ್ ತರಬೇತಿಗೆ ಸೇರಿಸಿದರು. ಮೂರನೇ ವಾರಕ್ಕೆ ಅದರಷ್ಟೇ ಎತ್ತರದ ಟ್ರೋಫಿ ಮನೆಗೆ ಬಂತು, ಕೋಟೆ ಕಟ್ಟುವುದು ಇನ್ನೂ ಬಂದಿರಲಿಲ್ಲ. ಕವಿಗಳ ಕಥೆ ಬೇರೆಯಲ್ಲ. ರಾತ್ರಿ ಹನ್ನೊಂದಕ್ಕೆ ವಾಟ್ಸಾಪಿನಲ್ಲಿ ಕವನ, ಬೆಳಿಗ್ಗೆ ಏಳಕ್ಕೆ "ಆಯ್ಕೆಯಾಯಿತೇ ಸರ್?" ತಿದ್ದಿ ಕಳಿಸಿ ಅಂದರೆ ಅದರ ಬದಲು ಹೊಸದು ಮೂರು ಬರುತ್ತವೆ. ನಿಮ್ಮ ಮೂರು ನಿಮಿಷದ ಆಟಗಳ ಹಾಗೇ. ಶ್ರಮದ ಮಾತು ಬಂದಾಗ ಈ ಜಿಲ್ಲೆಯಲ್ಲಿ ಮುದ್ದೇನಹಳ್ಳಿಯ ಹೆಸರು ಹೇಳಲೇಬೇಕೆಂಬ ಅಲಿಖಿತ ನಿಯಮವಿದೆ. ಹಾರ ಹಾಕುವ ದಿನ ಹೇಳಿದರೆ ಸಾಕೆಂದು ಬಿಟ್ಟಿದ್ದೇನೆ.

ನೀವು ಮಾಡಬೇಕಾದದ್ದು ಇಷ್ಟು. ದಿನಕ್ಕೆ ಒಂದೇ ಆಟ, ಅರ್ಧ ಗಂಟೆಯದು. ನಡೆಗಳನ್ನು ಕೈಯಾರೆ ಬರೆಯಿರಿ. ಸೋತರೆ ಆ ರಾತ್ರಿ ಬೇರೆ ಆಟ ಬೇಡ, ಎಲ್ಲಿ ಕೆಟ್ಟಿತೆಂದು ಹುಡುಕಿ, ಇಂಜಿನ್ ಅನ್ನು ಕೊನೆಗೆ ಕೇಳಿ. ಭಾನುವಾರ ಅಣ್ಣನ ಮಗನನ್ನು ಕೂರಿಸಿಕೊಂಡು ಮೂರೇ ಕಾಯಿ ಇಡಿ. ಅವನು ಗೊಣಗುತ್ತಾನೆ, ಗೊಣಗಲಿ.

ಇನ್ನು ನಿಮ್ಮ ಸಂಶಯ. ಪತ್ರವನ್ನು ಮೂರು ಸಲ ಓದಿದೆ. ರಾಜರಿಬ್ಬರೂ ಎಲ್ಲಿದ್ದಾರೆ, ಸಿಪಾಯಿ ಎಲ್ಲಿದೆ, ಎಲ್ಲ ಬರೆದಿದ್ದೀರಿ. ಸರದಿ ಯಾರದು ಎಂದು ಬರೆದಿಲ್ಲ. ಬಿಳಿಯದಾದರೆ ಡ್ರಾ, ಕರಿಯದಾದರೆ ಬಿಳಿಗೆ ಗೆಲುವು. ನೋಡಿಕೊಂಡು ಒಂದು ಕಾರ್ಡು ಹಾಕಿ.

— ಸಂ.