ಡಾರ್ವಿನ್ ಬಿಡಿ, ಶಹಾಬಾದಿನಿಂದ ಶುರು ಮಾಡಿ

ನಮಸ್ಕಾರ. ಮೊಬೈಲ್ ಸಂಪರ್ಕ ನಿಭಾಯಿಸಲು ಜೆನೆಟಿಕ್ ಅಲ್ಗಾರಿದಮ್ (ಉತ್ತರಗಳನ್ನು ಬೆರೆಸಿ, ಒಳ್ಳೆಯದನ್ನು ಉಳಿಸುತ್ತಾ ಹೋಗುವ ಲೆಕ್ಕದ ವಿಧಾನ) ಬಳಸುವ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ತಿದ್ದಿ ಕೊಟ್ಟರೆ ಖಂಡಿತ ಹಾಕುತ್ತೇನೆ.

ಮೊದಲ ಎರಡು ಪುಟ ಬರೀ ಡಾರ್ವಿನ್, ಹಕ್ಕಿಯ ಕೊಕ್ಕು. ತೆಗೆದುಬಿಡಿ. ಲೇಖನಕ್ಕೆ ಜೀವ ಬರುವುದು ಮೂರನೇ ಪುಟದಲ್ಲಿ. ಕಲಬುರಗಿಯಿಂದ ಯಾದಗಿರಿಗೆ ರೈಲಿನಲ್ಲಿ ಹೋಗುವಾಗ ಶಹಾಬಾದ್ ದಾಟುತ್ತಲೇ ಕರೆ ಕಟ್ಟಾಯಿತು, ವಾಡಿ ಹತ್ತಿರ ಅವ್ವನೇ ತಿರುಗಿ ಫೋನ್ ಮಾಡಿದರು ಅಂತ ಬರೆದಿದ್ದೀರಲ್ಲ, ಅದು.

ಆದರೆ ಅಲ್ಲೇ ಎರಡು ವಿಷಯ ಕಲಸಿಬಿಟ್ಟಿದ್ದೀರಿ. ಮಾತಿನ ನಡುವೆ ಒಂದು ಟವರ್ ಬಿಟ್ಟು ಇನ್ನೊಂದನ್ನು ಹಿಡಿಯುವುದು ಹ್ಯಾಂಡೋವರ್. ಫೋನ್ ಸುಮ್ನೆ ಜೇಬಿನಲ್ಲಿದ್ದಾಗ ಅದು ಎಲ್ಲಿದೆ ಅಂತ ಲೆಕ್ಕ ಇಡುವುದು ಬೇರೆ ಕೆಲಸ. ನಿಮ್ಮ ಅಲ್ಗಾರಿದಮ್ ಈ ಎರಡನೆಯದಕ್ಕೆ. ಹಾಗಾಗಿ ಕರೆ ಯಾಕೆ ಕಟ್ಟಾಯಿತು ಅಂತ ಕೇಳಬೇಡಿ. ಅವ್ವನ ಕರೆ ಓಡುವ ರೈಲಿನಲ್ಲಿ ನಿಮ್ಮನ್ನೇ ಹೇಗೆ ಹುಡುಕಿಕೊಂಡು ಬಂತು ಅಂತ ಕೇಳಿ.

ಪ್ರತಿ ಟವರ್ ಹತ್ತಿರವೂ ಫೋನ್ 'ಇಲ್ಲಿದ್ದೇನೆ' ಅಂದರೆ ಬ್ಯಾಟರಿಗೂ ನೆಟ್‌ವರ್ಕಿಗೂ ದಂಡ. ಎಲ್ಲೂ ಹೇಳದಿದ್ದರೆ, ಕರೆ ಬಂದಾಗ ಎಲ್ಲಾ ಟವರ್‌ಗಳಿಂದಲೂ ಕೂಗಬೇಕು. ಯಾವ ಟವರ್‌ನಲ್ಲಿ ಹೇಳಬೇಕು (1), ಎಲ್ಲಿ ಬೇಡ (0)? 20 ಟವರ್ ಇದ್ದರೆ 10,48,576 ಬಗೆ. 40 ಆದರೆ ಒಂದು ಲಕ್ಷ ಕೋಟಿ ದಾಟುತ್ತದೆ. ಒಂದೊಂದಾಗಿ ನೋಡಿ ಮುಗಿಯುವ ಮಾತಲ್ಲ, ಅಲ್ವಾ?

'ಕ್ರೋಮೋಸೋಮ್ ಎನ್‌ಕೋಡಿಂಗ್' ಅಂತ ಹನ್ನೊಂದು ಸಲ ಬರೆದಿದ್ದೀರಿ, ಒಂದು ಸಲವೂ ತೋರಿಸಿಲ್ಲ. ಅಂದರೆ ಒಂದು ಉತ್ತರವನ್ನು ಟವರ್‌ಗೆ ಒಂದು ಅಂಕಿಯಂತೆ 1, 0ಗಳ ಸಾಲಾಗಿ ಬರೆಯುವುದು. ತೋರಿಸಿ: ಏಳು ಟವರ್ ಇದ್ದರೆ 0100100 ಒಂದು, 1000010 ಇನ್ನೊಂದು. ಮೊದಲನೆಯದರ ಮೊದಲ ಮೂರು ಅಂಕಿಗೆ ಎರಡನೆಯದರ ಕೊನೆಯ ನಾಲ್ಕು ಜೋಡಿಸಿದರೆ 0100010. ಇದು ಮರಿ. ಆಗೊಮ್ಮೆ ಈಗೊಮ್ಮೆ ಒಂದು ಅಂಕಿ ತಿರುಗಿಸುತ್ತಾರೆ. ಫೋನ್ ಹೇಳುವುದು, ಟವರ್ ಕೂಗುವುದು ಎರಡೂ ಸೇರಿ ಖರ್ಚು ಕಮ್ಮಿ ಇರುವ ಸಾಲು ಉಳಿಯುತ್ತದೆ, ಜಾಸ್ತಿ ಇರುವುದು ಹೋಗುತ್ತದೆ. ಒಳ್ಳೆಯ ಗಿಡದ ತೊಗರಿಯನ್ನು ಬಿತ್ತನೆಗೆ ಎತ್ತಿಡುವ ನಿಮ್ಮ ಹೋಲಿಕೆ ಇಲ್ಲಿ ಬರಲಿ. ಕೊನೆಯ ಪುಟದಲ್ಲಿ ಅದು ದಂಡ.

'ಅತ್ಯುತ್ತಮ ಉತ್ತರ ಸಿಕ್ಕೇ ಸಿಗುತ್ತದೆ' ಎಂಬ ಸಾಲು ಹೊಡೆದು ಹಾಕಿ. ಸಾಕಷ್ಟು ಒಳ್ಳೆಯದು ಸಿಗಬಹುದು, ಅಷ್ಟೇ. 'ಈಚಿನ ಕ್ರಾಂತಿ'ಯೂ ಅಲ್ಲ. ಅಮೆರಿಕದ ವಿಜ್ಞಾನಿ ಜಾನ್ ಹಾಲೆಂಡ್ ಈ ವಿಧಾನದ ಪುಸ್ತಕ ತಂದದ್ದು 1975ರಲ್ಲಿ. ನಮ್ಮ ದೇಶದಲ್ಲಿ ಮೊಬೈಲ್ ಕರೆ ಶುರುವಾಗಿದ್ದೇ 1995ರಲ್ಲಿ.

ಚಿತ್ರ ಒಂದೇ ಸಾಕು. ರೈಲು ಹಳಿ, ಪಕ್ಕದಲ್ಲಿ ಇಪ್ಪತ್ತು ಚುಕ್ಕಿ, 1 ಇರುವಲ್ಲಿ ಕಪ್ಪು. ಪೆನ್ಸಿಲ್‌ನಲ್ಲಿ ಗೀಚಿ ಕಳಿಸಿದರೂ ಆಯಿತು.