ಹಸು ಮಾರಿಬಿಡಲಾ?

ಸೋಮವಾರಪೇಟೆ ಕಡೆಯಿಂದ ಬರೆದಿರುವ ಓದುಗರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅತ್ತೆಯವರಿಗೆ ಎರಡು ತಿಂಗಳು ಬಿಟ್ಟು ಬಿಟ್ಟು ಜ್ವರ, ಬ್ಲಡ್ ಕಲ್ಚರ್ (ರಕ್ತವನ್ನು ಬಾಟಲಿಯಲ್ಲಿಟ್ಟು ಬ್ಯಾಕ್ಟೀರಿಯಾ ಬೆಳೆಯುತ್ತದಾ ಎಂದು ನೋಡುವ ಪರೀಕ್ಷೆ) ಮಾಡಿಸಿದರೆ ಏನೂ ಬೆಳೆಯಲಿಲ್ಲ, ಕೊನೆಗೆ ಮೈಸೂರಿನಲ್ಲಿ ಹೃದಯದ ಕವಾಟಕ್ಕೆ ಸೋಂಕು, ಅದೂ ದನಕರುಗಳಿಂದ ಹರಡುವ ಕ್ಯೂ ಫೀವರ್ ಎಂದರು. ಈಗ ಮನೆಯವರೆಲ್ಲ ಹಸುವನ್ನೇ ಬೈಯುತ್ತಿದ್ದಾರೆ, ಮಾರಿಬಿಡಲಾ ಎಂದು ಕೇಳಿದ್ದೀರಿ.

ಅವಸರಪಡಬೇಡಿ. ಹಸು ಹೋದರೆ ಅತ್ತೆಯ ಕಾಯಿಲೆ ಹೋಗುವುದಿಲ್ಲ, ಇನ್ನೊಬ್ಬರ ಕೊಟ್ಟಿಗೆಗೆ ತೊಂದರೆ ಹೋಗಬಹುದು ಅಷ್ಟೇ. ಮೊದಲು ಪಶುವೈದ್ಯರಿಗೆ ವಿಷಯ ತಿಳಿಸಿ.

ಕಲ್ಚರ್ ಯಾಕೆ ಸುಳ್ಳು ಹೇಳಿತು ಎಂಬ ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಕವಾಟಕ್ಕೆ ಸಾಮಾನ್ಯವಾಗಿ ಅಂಟುವ ಬ್ಯಾಕ್ಟೀರಿಯಾಗಳು ಬಾಯಿಯಿಂದಲೋ ಚರ್ಮದಿಂದಲೋ ಬಂದವು, ಬಾಟಲಿಯಲ್ಲಿ ಕೆಲವೇ ದಿನದಲ್ಲಿ ಬೆಳೆಯುತ್ತವೆ. ಕ್ಯೂ ಫೀವರ್ ತರುವ ಕಾಕ್ಸಿಯೆಲ್ಲಾ ಹಾಗಲ್ಲ, ಜೀವಕೋಶದ ಒಳಗೇ ಬದುಕುವ ಜಾತಿ, ಬಾಟಲಿಯಲ್ಲಿ ಎಷ್ಟು ದಿನ ಕಾದರೂ ಬೆಳೆಯುವುದಿಲ್ಲ. ರಕ್ತದಲ್ಲಿ ಅದರ ವಿರುದ್ಧ ನಮ್ಮ ದೇಹ ತಯಾರಿಸಿದ ಆಂಟಿಬಾಡಿ ಹುಡುಕಬೇಕು. ಹುಡುಕಬೇಕಾದರೆ ಡಾಕ್ಟರಿಗೆ ಮೊದಲು ಅನುಮಾನ ಬರಬೇಕಲ್ವಾ? "ಮನೆಯಲ್ಲಿ ದನ ಇದೆಯಾ, ಇತ್ತೀಚೆಗೆ ಕರು ಹಾಕಿತ್ತಾ" ಎಂದು ಕೇಳಿದ್ದು ಮೈಸೂರಿನವರು ಮಾತ್ರ ಎಂದು ನೀವೇ ಬರೆದಿದ್ದೀರಿ. ಕೇಳದಿದ್ದರೂ ನಾವೇ ಹೇಳಿಬಿಡಬೇಕು. 1935ರಲ್ಲಿ ಬ್ರಿಸ್ಬೇನಿನ ಕಸಾಯಿಖಾನೆ ಕೆಲಸಗಾರರಿಗೆ ಬಂದ ಜ್ವರದ ಕಾರಣ ಗೊತ್ತಾಗದೆ ಡಾಕ್ಟರ್ ಡೆರಿಕ್ 'ಕ್ವೆರಿ', ಅಂದರೆ ಪ್ರಶ್ನೆ, ಎಂದೇ ಹೆಸರಿಟ್ಟರು, ಕ್ಯೂ ಅದರ ಮೊದಲ ಅಕ್ಷರ. ಆ ಪ್ರಶ್ನೆ ಇನ್ನೂ ನಮ್ಮ ಕೊಟ್ಟಿಗೆಯಲ್ಲಿದೆ!

ಮೊದಲ ವಾರ ಮೆಡಿಕಲ್ ಶಾಪಿನ ಆಂಟಿಬಯೋಟಿಕ್ ನುಂಗಿಸಿದ್ದೀರಲ್ಲ, ಈ ಸಲ ಅದರಿಂದ ಕಲ್ಚರ್ ಫಲಿತಾಂಶಕ್ಕೆ ವ್ಯತ್ಯಾಸ ಆಗಲಿಲ್ಲ. ಬೇರೆ ಬ್ಯಾಕ್ಟೀರಿಯಾ ಆಗಿದ್ದರೆ ಕಲ್ಚರ್ ಕೆಡಿಸುವುದು ಅದೇ. (ಮಳೆಗಾಲದಲ್ಲಿ ಜ್ವರ ಬಂದರೆ ನಾನೂ ಅಲ್ಲಿಗೇ ಓಡುತ್ತಿದ್ದೆ, ಸುಮ್ನೆ ನಿಮ್ಮನ್ನು ಬೈಯುತ್ತಿಲ್ಲ.)

ಅತ್ತೆಗೇ ಯಾಕೆ ಬಂತು, ಅದೇ ಕೊಟ್ಟಿಗೆಗೆ ಹೋಗುವ ನಿಮಗ್ಯಾಕಿಲ್ಲ? ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ ಅವರ ಕವಾಟ ಮೊದಲೇ ಹಾಳಾಗಿತ್ತು, ಅಂಥ ಜಾಗವೇ ಈ ಬ್ಯಾಕ್ಟೀರಿಯಾಗೆ ಇಷ್ಟ.

ಮಾತ್ರೆ ವಿಷಯ. ಡಾಕ್ಸಿಸೈಕ್ಲಿನ್ ಮತ್ತು ಹೈಡ್ರಾಕ್ಸಿಕ್ಲೋರೋಕ್ವಿನ್, ಕನಿಷ್ಠ 18 ತಿಂಗಳು. ಜ್ವರ ನಿಂತಿತೆಂದು ಮಧ್ಯದಲ್ಲಿ ಬಿಡಬೇಡಿ. ಡಾಕ್ಸಿಯನ್ನು ಹಾಲಿನ ಜೊತೆ ಕೊಡಬೇಡಿ. ಬಿಸಿಲಿಗೆ ಚರ್ಮ ಉರಿಯಬಹುದು, ಕಾಫಿ ಕಣದಲ್ಲಿ ಕೂರುವಾಗ ನೆರಳು ನೋಡಿಕೊಳ್ಳಲಿ. ಇನ್ನೊಂದು ಮಾತ್ರೆಗೆ ಕಣ್ಣಿನ ಪರೀಕ್ಷೆ ಆಗುತ್ತಿರಬೇಕು.

ಹುತ್ತರಿ ಹೊತ್ತಿಗೆ ಇನ್ನೊಂದು ಹಸು ಕರು ಹಾಕುತ್ತದೆ ಎಂದಿದ್ದೀರಿ. ಈ ಸೋಂಕು ಜಾಸ್ತಿ ಇರುವುದು ಕರು ಹಾಕಿದ ಮೇಲೆ ಬೀಳುವ ಮಾಸಿನಲ್ಲಿ, ಒಣಗಿದ ಮೇಲೆ ಅದರ ಧೂಳು ಉಸಿರಿಗೆ ಹೋಗುತ್ತದೆ. ಕೈಗವಸು, ಮಾಸ್ಕ್ ಹಾಕಿಕೊಂಡು ಮಾಸನ್ನು ಆಳವಾಗಿ ಹೂಳಿ, ನಾಯಿ ಎಳೆಯದ ಹಾಗೆ. ಹಾಲು ಚೆನ್ನಾಗಿ ಕುದಿಸಿ. ನಾದಿನಿ ಬಸುರಿ ಅಂತಲೂ ಬರೆದಿದ್ದೀರಲ್ಲ, ಹೊಟ್ಟೆಯಲ್ಲಿರುವ ಮಗುವಿಗೂ ಇದರಿಂದ ಅಪಾಯ, ಅವರನ್ನು ಆ ದಿನಗಳಲ್ಲಿ ಕೊಟ್ಟಿಗೆ ಕಡೆಗೆ ಬಿಡಲೇಬೇಡಿ.